ಆ ತುದಿಯವರು ಎದ್ದು ಹೋದರೆ?

ರಾತ್ರಿ ಹನ್ನೊಂದಾಗುವುದನ್ನೇ ಕಾಯುತ್ತಿದ್ದ ದಿನಗಳವು. ಹನ್ನೊಂದರ ನಂತರ ಎಸ್‌ಟಿಡಿ ಕಾಲು ದರ. ದಾವಣಗೆರೆಯ ಶಾಖೆಯಲ್ಲಿ ಕೂತು ದಿನದ ಲೆಕ್ಕದ ಕಡತವನ್ನು ಬೆಂಗಳೂರಿನ ಮುಖ್ಯ ಕಚೇರಿಯ ಯೂನಿಕ್ಸ್ ಯಂತ್ರಕ್ಕೆ ಮೋಡೆಮ್ ಮೂಲಕ ದಾಟಿಸುವುದು ನನ್ನ ಕೆಲಸ. 1990ರ ದಶಕದ ನಡುವಿನ ಒಂದು ರಾತ್ರಿ ಮೋಡೆಮ್ ಎಂದಿನಂತೆ ಕೀರಲು ದನಿಯಲ್ಲಿ ಅರಚಿ, ಗೊರಗೊರ ಸದ್ದು ಮಾಡಿ ಸುಮ್ಮನಾಯಿತು. ಸಂಪರ್ಕ ಸಿಕ್ಕಿತು ಎಂದರ್ಥ. ಎಂಟರ್ ಒತ್ತಿದೆ. ಪರದೆಯ ಮೇಲೆ ‘ಲಾಗಿನ್’ ಎಂದು ಬರಬೇಕಿತ್ತು. ಬಂದದ್ದು ಒಂದೇ ಒಂದು ಗುರುತು: #.

ಯೂನಿಕ್ಸ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಿಕ್ಕವರಿಗೆ ಹೇಳುವುದಾದರೆ, ಅದು ಆ ಯಂತ್ರದ ಸರ್ವಾಧಿಕಾರಿಯಾದ ‘ರೂಟ್’ ಬಳಕೆದಾರನಿಗೆ ಕಾಣುವ ಗುರುತು. ಅದರ ಮುಂದೆ ಕೂತವನು ಯಾರ ಕಡತವನ್ನಾದರೂ ಓದಬಹುದು, ತಿದ್ದಬಹುದು, ಮನಸ್ಸಾದರೆ ಇಡೀ ಡಿಸ್ಕನ್ನು ಒರೆಸಿ ಹಾಕಬಹುದು. ಗಾಬರಿಯಲ್ಲಿ ‘ಹೂ ಆ್ಯಮ್ ಐ’ ಎಂದು ಟೈಪ್ ಮಾಡಿದೆ. ನಾನು ಯಾರು ಎಂದು ಯಂತ್ರವನ್ನೇ ಕೇಳುವ ಆದೇಶ ಅದು. ನೀನು ರೂಟ್ ಎಂದಿತು. ಮೋಡೆಮಿನ ಸ್ವಿಚ್ ಆರಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಮುಖ್ಯ ಕಚೇರಿಗೆ ಫೋನ್ ಮಾಡಿದೆ. ಸಿಸ್ಟಮ್ ನೋಡಿಕೊಳ್ಳುತ್ತಿದ್ದ ಹಿರಿಯರ ಮೊದಲ ಪ್ರಶ್ನೆ, “ಏನ್ರೀ, ನಿಮಗೆ ರೂಟ್ ಪಾಸ್‌ವರ್ಡ್ ಕೊಟ್ಟೋರು ಯಾರು?”

“ಯಾರೂ ಕೊಡ್ಲಿಲ್ಲ ಸಾರ್. ಅದು ಕೇಳ್ಲೇ ಇಲ್ಲ.”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಹಿಂದಿನ ಸಂಜೆ ಅವರೇ ಮನೆಯಿಂದ ಡಯಲ್ ಮಾಡಿ ರೂಟ್ ಆಗಿ ಏನನ್ನೋ ಸರಿಪಡಿಸುತ್ತಿದ್ದರಂತೆ. ನಡುವೆ ಲೈನ್ ಕಟ್ ಆಯಿತು. ಊಟದ ಹೊತ್ತು, ನಾಳೆ ನೋಡೋಣ ಎಂದು ಎದ್ದರು. ಲೈನ್ ಹೋದದ್ದು ಅವರಿಗೆ ಗೊತ್ತಿತ್ತು, ಮೋಡೆಮಿಗೂ ಗೊತ್ತಿತ್ತು, ಯಂತ್ರಕ್ಕೆ ಮಾತ್ರ ಯಾರೂ ಹೇಳಲಿಲ್ಲ. ಅವರಿನ್ನೂ ಎದುರಿಗೇ ಕೂತಿದ್ದಾರೆ, ಏನೋ ಯೋಚಿಸುತ್ತಿದ್ದಾರೆ ಎಂದುಕೊಂಡು ಅದು ಮುಂದಿನ ಆದೇಶಕ್ಕೆ ಕಾಯುತ್ತಲೇ ಇತ್ತು. ಖಾಲಿಯಾದ ಆ ಕುರ್ಚಿಯಲ್ಲಿ ಹೋಗಿ ಕೂತವನು ನಾನು.

ಮೋಡೆಮು ಕಂಪ್ಯೂಟರಿಗೆ ಸೇರುವ ಸೀರಿಯಲ್ ಪೋರ್ಟ್ ಹೊಂದಿಸುವುದೆಂದರೆ ಎರಡು ತುದಿಗಳ ವೇಗ ಹೊಂದಿಸುವುದು ಎಂದೇ ಹೆಚ್ಚಿನವರ ತಿಳಿವಳಿಕೆ. ವೇಗ ತಪ್ಪಿದರೆ ಪರದೆಯ ಮೇಲೆ ಕಸ ಬೀಳುತ್ತದೆ, ಕಂಡವರೆಲ್ಲ ಗೊಣಗುತ್ತಾರೆ, ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ. ನನ್ನ ಮಟ್ಟಿಗೆ ಅದು ಚಿಕ್ಕ ತೊಂದರೆ. ಅದಕ್ಕಿಂತ ದೊಡ್ಡದು, ಆ ತುದಿಯವರು ಎದ್ದು ಹೋದದ್ದು ಈ ತುದಿಗೆ ತಿಳಿಯದೆ ಇರುವುದು. ಅದು ತಪ್ಪಿದ್ದರೂ ಎಲ್ಲ ಕೆಲಸಗಳೂ ಸರಿಯಾಗೇ ನಡೆಯುತ್ತಿರುತ್ತವೆ.

ಫೋನ್ ಇಡುವ ಮೊದಲು ನಾವು “ಇಡ್ಲಾ?” ಎಂದು ಕೇಳುತ್ತೇವೆ. ಆ ಕಡೆಯವರು “ಹ್ಞೂಂ, ಇಡು” ಎಂದ ಮೇಲೇ ಇಡುವುದು. ಸೀರಿಯಲ್ ಸಂಪರ್ಕಕ್ಕೂ ಇಂಥದ್ದೊಂದು ಏರ್ಪಾಡು ಬೇಕೆಂದು ಅದನ್ನು ರೂಪಿಸಿದವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆರ್‌ಎಸ್-232 ಎಂಬ ಮಾನದಂಡ ಅಮೆರಿಕದಲ್ಲಿ ಬಂದದ್ದು 1960ರಲ್ಲಿ, ಟೆಲಿಪ್ರಿಂಟರಿನಂಥ ಯಂತ್ರವನ್ನು ಮೋಡೆಮಿಗೆ ಜೋಡಿಸುವುದಕ್ಕಾಗಿ. ಹಳೆಯ 25 ಪಿನ್ನಿನ ಕನೆಕ್ಟರನ್ನೇ ನೋಡಿ. ಅಕ್ಷರ ಹೋಗಲು 2ನೆಯ ಪಿನ್, ಬರಲು 3ನೆಯದು, 7 ನೆಲದ ತಂತಿ. ಮಾತಿಗೆ ಇಷ್ಟೇ ಸಾಕು. ಇನ್ನುಳಿದ ತಂತಿಗಳಲ್ಲಿ ಮುಖ್ಯವಾದವು ಮಾತಿನವಲ್ಲ, ಮರ್ಯಾದೆಯವು. 20ನೆಯದು ಡಿಟಿಆರ್: ‘ನಾನು ಎದ್ದಿದ್ದೇನೆ, ಬೇಕಾದರೆ ಕರೆ ತೆಗೆದುಕೋ’ ಎಂದು ಕಂಪ್ಯೂಟರು ಮೋಡೆಮಿಗೆ ಹೇಳುವುದು. 8ನೆಯದು ಡಿಸಿಡಿ: ‘ಆ ತುದಿಯಲ್ಲಿ ಒಬ್ಬರಿದ್ದಾರೆ’ ಎಂದು ಮೋಡೆಮು ಕಂಪ್ಯೂಟರಿಗೆ ಹೇಳುವುದು. ದೂರದ ಮೋಡೆಮಿನ ದನಿ ಕೇಳುತ್ತಿರುವಷ್ಟು ಹೊತ್ತು ಆ ಪಿನ್ನಿನಲ್ಲಿ ಧನ ವೋಲ್ಟೇಜು. ಲೈನ್ ಕಡಿದ ಕೂಡಲೇ ಅದು ಋಣಕ್ಕೆ ಇಳಿಯುತ್ತದೆ.

ಅದು ಇಳಿದಾಗ ಯೂನಿಕ್ಸ್ ಏನು ಮಾಡಬೇಕು? ಆ ಪೋರ್ಟಿನಲ್ಲಿ ಲಾಗಿನ್ ಆಗಿದ್ದವರ ಶೆಲ್‌ಗೆ, ಅಂದರೆ ಅವರ ಆದೇಶಗಳನ್ನು ಕೇಳಿ ನಡೆಸುವ ಪ್ರೋಗ್ರಾಮಿಗೆ, ಒಂದು ಸಂಕೇತ ಕಳಿಸಬೇಕು. ಅದರ ಹೆಸರೇ ಸಿಗ್‌ಹಪ್, ಅಂದರೆ ಫೋನ್ ಇಟ್ಟರು ಎಂಬ ಸಂಕೇತ. ಯೂನಿಕ್ಸ್ ಸಂಕೇತಗಳ ಪಟ್ಟಿಯಲ್ಲಿ ಅದರ ಸಂಖ್ಯೆ 1. ಶೆಲ್ ಸಾಯುತ್ತದೆ, ಅದರೊಂದಿಗೆ ಅದು ನಡೆಸುತ್ತಿದ್ದ ಕೆಲಸಗಳೂ. ಇಂದು ಸಾವಿರಾರು ಮೈಲಿ ದೂರದ ಸರ್ವರ್ ಮೇಲೆ ಉದ್ದನೆಯ ಕೆಲಸವೊಂದನ್ನು ಹಚ್ಚಿ ಲ್ಯಾಪ್‌ಟಾಪ್ ಮುಚ್ಚುವ ಹುಡುಗರು ಅದಕ್ಕೆ ಮೊದಲು ‘ನೋಹಪ್’ ಎಂದು ಸೇರಿಸುತ್ತಾರಲ್ಲ, ಅದು ಈ ಫೋನಿನದೇ ನೆನಪು: ಲೈನ್ ಹೋದರೂ ಸಾಯಬೇಡ ಎಂಬ ಅಪ್ಪಣೆ.

ಸತ್ತ ಶೆಲ್‌ನ ಜಾಗಕ್ಕೆ ಬರುವುದು ಗೆಟ್ಟಿ. ಇದು ಯೂನಿಕ್ಸಿನ ದ್ವಾರಪಾಲಕ. ಯಂತ್ರ ಎದ್ದಾಗ ಮೊದಲು ಹುಟ್ಟುವ ‘ಇನಿಟ್’ ಎಂಬ ಪ್ರಕ್ರಿಯೆ ಒಂದೊಂದು ಪೋರ್ಟಿಗೂ ಒಬ್ಬೊಬ್ಬ ಗೆಟ್ಟಿಯನ್ನು ಕೂರಿಸುತ್ತದೆ. ಯಾವ ಪೋರ್ಟಿಗೆ, ಯಾವ ವೇಗದಲ್ಲಿ ಎಂಬುದನ್ನು ಸಿಸ್ಟಮ್ ಫೈವ್ ವಂಶದ ಯೂನಿಕ್ಸುಗಳಲ್ಲಿ ಇನಿಟ್‌ಟ್ಯಾಬ್ ಕಡತದಲ್ಲೂ ಬರ್ಕ್ಲಿ ವಂಶದವುಗಳಲ್ಲಿ ಟಿಟಿವೈಸ್ ಕಡತದಲ್ಲೂ ಬರೆದಿಡುತ್ತಿದ್ದರು. ಗೆಟ್ಟಿ ಪೋರ್ಟನ್ನು ತೆರೆಯಲು ಹೋಗಿ ಡಿಸಿಡಿ ಏರುವವರೆಗೆ ಬಾಗಿಲಲ್ಲೇ ತೂಕಡಿಸುತ್ತಾನೆ. ಕರೆ ಬಂತೆಂದರೆ ಎದ್ದು ‘ಲಾಗಿನ್’ ಎಂದು ಕೇಳಿ, ಹೆಸರು ಪಡೆದು, ಲಾಗಿನ್ ಎಂಬ ಪ್ರೋಗ್ರಾಮಾಗಿ ಬದಲಾಗುತ್ತಾನೆ. ಅದು ಪಾಸ್‌ವರ್ಡ್ ನೋಡಿ ಶೆಲ್ ಆಗಿ ಬದಲಾಗುತ್ತದೆ. ಮೂರು ಬೇರೆ ಪ್ರಕ್ರಿಯೆಗಳಲ್ಲ, ಬಯಲಾಟದಲ್ಲಿ ಒಬ್ಬನೇ ಪಾತ್ರಧಾರಿ ಚೌಕಿಗೆ ಹೋಗಿ ಬೇರೆ ವೇಷದಲ್ಲಿ ಬಂದ ಹಾಗೆ. ಕೊನೆಯ ವೇಷ ಇಳಿದಾಗ ಇನಿಟ್ ಹೊಸ ಗೆಟ್ಟಿಯನ್ನು ಕೂರಿಸುತ್ತದೆ.

ಇಷ್ಟೆಲ್ಲ ಚಂದದ ವ್ಯವಸ್ಥೆ ಇದ್ದೂ ನನಗೆ # ಸಿಕ್ಕಿದ್ದು ಹೇಗೆ? ಮುಖ್ಯ ಕಚೇರಿಯಲ್ಲಿ ಕೇಬಲಿನ ತುದಿ ಬಿಚ್ಚಿ ನೋಡಿದಾಗ ಗೊತ್ತಾಯಿತು. ಕಂಪ್ಯೂಟರಿನ ಕಡೆಯ ಕನೆಕ್ಟರ್ ಒಳಗೆ 6, 8, 20ನೆಯ ಪಿನ್ನುಗಳನ್ನು ಒಂದು ಚೂರು ತಂತಿಯಿಂದ ಸೇರಿಸಿ ಬೆಸುಗೆ ಹಾಕಿದ್ದರು. ಅಂದರೆ ಕಂಪ್ಯೂಟರು 20ರಲ್ಲಿ ಹೇಳಿದ ‘ನಾನಿದ್ದೇನೆ’ ಎಂಬ ಮಾತೇ ತಿರುಗಿ 8ಕ್ಕೆ ಬಂದು ‘ಅವರಿದ್ದಾರೆ’ ಎಂದು ಅದಕ್ಕೇ ಕೇಳಿಸುತ್ತಿತ್ತು. ಕನ್ನಡಿ ನೋಡಿಕೊಂಡು ಎದುರಿಗೆ ಜನ ಇದ್ದಾರೆ ಎಂದುಕೊಂಡ ಹಾಗೆ.

ಕೇಬಲ್ ಮಾಡಿದವನನ್ನು ಬಯ್ಯುವಂತಿಲ್ಲ. ಅವನು ಅದುವರೆಗೆ ಮಾಡಿದ್ದೆಲ್ಲ ಟರ್ಮಿನಲ್ ಕೇಬಲುಗಳು. ಆಗಿನ ಬ್ಯಾಂಕು, ಕಚೇರಿಗಳಲ್ಲಿ ಒಂದು ಯೂನಿಕ್ಸ್ ಯಂತ್ರ, ಅದಕ್ಕೆ ಎಂಟೋ ಹದಿನಾರೋ ಟರ್ಮಿನಲ್ಲುಗಳು. ಬರೀ ಪರದೆ ಮತ್ತು ಕೀಲಿಮಣೆ, ಒಳಗೆ ತಲೆ ಇಲ್ಲ. ಅದಕ್ಕೇ ‘ಡಂಬ್ ಟರ್ಮಿನಲ್’ ಎಂಬ ಹೆಸರು. ಇವು ಅದೇ ಕೋಣೆಯಲ್ಲಿ ಇರುವುದರಿಂದ ನಡುವೆ ಮೋಡೆಮ್ ಇಲ್ಲ. 2 ಮತ್ತು 3ನ್ನು ಅದಲುಬದಲು ಮಾಡಿ, 7ನ್ನು ನೇರ ಕೊಟ್ಟು, ಮರ್ಯಾದೆಯ ಪಿನ್ನುಗಳನ್ನು ಆಯಾ ತುದಿಯಲ್ಲೇ ಗಂಟು ಹಾಕಿಬಿಟ್ಟರೆ ಮೂರು ತಂತಿಯಲ್ಲಿ ಕೆಲಸ ಮುಗಿಯುತ್ತದೆ. ತಾಮ್ರವೂ ಉಳಿತಾಯ. ಮೋಡೆಮಿಗೆ 2 ಮತ್ತು 3 ನೇರವಾಗಿ ಹೋಗಬೇಕು ಎಂಬುದನ್ನು ಆತ ಪ್ರಯತ್ನ ಮಾಡಿಯೇ ಕಂಡುಕೊಂಡಿದ್ದ. ಗಂಟು ಬಿಚ್ಚಬೇಕು ಎಂದು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ. ಬಿಚ್ಚದಿದ್ದರೂ ಎಲ್ಲ ನಡೆಯುತ್ತಿತ್ತಲ್ಲ!

ಹಾಗೆಂದು ಟರ್ಮಿನಲ್ಲಿಗೆ ಈ ಅಪಾಯ ಇರಲಿಲ್ಲವೆಂದಲ್ಲ. ಸಂಜೆ ಗುಮಾಸ್ತರು ಲಾಗೌಟ್ ಮಾಡದೆ ಪರದೆಯ ಸ್ವಿಚ್ ಆರಿಸಿ ಬಸ್ಸಿಗೆ ಓಡುತ್ತಿದ್ದರು. ಪರದೆ ಕಪ್ಪಾದರೆ ಕೆಲಸ ಮುಗಿಯಿತು ಎಂಬ ನಂಬಿಕೆ. ಬೆಳಿಗ್ಗೆ ಮೊದಲು ಬಂದವರು ಸ್ವಿಚ್ ಹಾಕಿ ಎಂಟರ್ ಒತ್ತಿದರೆ ನಿನ್ನೆಯವರ ಹೆಸರಿನಲ್ಲೇ ಕೆಲಸ ಶುರು. ಮೂರು ತಂತಿಯ ಮೇಲೆ ಸ್ವಿಚ್ ಆರಿದ ಸುದ್ದಿ ದಾಟುವುದೇ ಇಲ್ಲ.

ಮೋಡೆಮ್ ಪೋರ್ಟನ್ನೂ ಟರ್ಮಿನಲ್ ಪೋರ್ಟನ್ನೂ ಬೇರೆ ಮಾಡುವ ಗೆರೆ ಇಲ್ಲೇ ಇದೆ, ವೇಗದಲ್ಲಿ ಅಲ್ಲ. ಪೋರ್ಟಿನ ಗುಣಗಳನ್ನು ಬದಲಿಸುವ ‘ಎಸ್‌ಟಿಟಿವೈ’ ಆದೇಶದಲ್ಲಿ ಇದಕ್ಕೊಂದು ಪದ ಉಂಟು: ಸಿಲೋಕಲ್. ಅದನ್ನು ಹಾಕಿದರೆ ‘ಇದು ನೇರ ತಂತಿ, ಡಿಸಿಡಿ ಕಡೆ ನೋಡಬೇಡ’ ಎಂದು ಹೇಳಿದಂತೆ. ಆ ಪದಕ್ಕೆ ಮೊದಲು ಒಂದು ಮೈನಸ್ ಗುರುತು ಇಟ್ಟರೆ ‘ಮೋಡೆಮ್ ಇದೆ, ಡಿಸಿಡಿ ಹೇಳಿದಂತೆ ಕೇಳು’ ಎಂದು. ಉಲ್ಟಾ ಮಾಡಿದರೆ ಏನಾಗುತ್ತದೆ? ಮೂರು ತಂತಿಯ ಟರ್ಮಿನಲ್ಲಿಗೆ ಮೈನಸ್ ಸಿಲೋಕಲ್ ಕೊಟ್ಟರೆ, ಗಂಟೂ ಹಾಕಿರದಿದ್ದರೆ, ಗೆಟ್ಟಿ ಎಂದೂ ಬರದ ಕರೆಗೆ ಕಾಯುತ್ತ ಕೂರುತ್ತಾನೆ, ಪರದೆ ಖಾಲಿ. ಪೋರ್ಟ್ ಕೆಟ್ಟಿದೆ ಎಂದು ಕಾರ್ಡ್ ಬದಲಿಸಿದವರನ್ನು ನೋಡಿದ್ದೇನೆ. ಮೋಡೆಮಿಗೆ ಸಿಲೋಕಲ್ ಕೊಟ್ಟರೆ, ನನ್ನ ದಾವಣಗೆರೆಯ ರಾತ್ರಿ.

ಆಗ ನಮ್ಮಲ್ಲಿ ಹೆಚ್ಚು ಕಾಣುತ್ತಿದ್ದ ಎಸ್‌ಸಿಒ ಯೂನಿಕ್ಸಿನಲ್ಲಿ ಈ ಆಯ್ಕೆಯನ್ನು ಪೋರ್ಟಿನ ಹೆಸರಿನಲ್ಲೇ ಇಟ್ಟಿದ್ದರು. ಟಿಟಿವೈ1ಎ ಎಂಬುದರ ಕೊನೆಯ ‘ಎ’ ಇಂಗ್ಲಿಷಿನ ಸಣ್ಣಕ್ಷರವಾದರೆ ನೇರ ತಂತಿ, ದೊಡ್ಡಕ್ಷರವಾದರೆ ಮೋಡೆಮ್. ಪೋರ್ಟ್ ಒಂದೇ, ನಡತೆ ಎರಡು. ಇಂಥ ನಾಜೂಕಿನ ಹೆಸರಿಟ್ಟವರ ಮೇಲೆ ನನಗಿನ್ನೂ ಸಿಟ್ಟಿದೆ. ಫೋನಿನಲ್ಲಿ ಒಬ್ಬರಿಗೆ “ದೊಡ್ಡ ಎ ಹಾಕಿ, ದೊಡ್ಡ ಎ” ಎಂದು ಕೂಗಿ ಹೇಳಿ ನೋಡಿ, ಗೊತ್ತಾಗುತ್ತದೆ. ಕರೆ ಸ್ವೀಕರಿಸಲು ಒಂದು, ಕರೆ ಮಾಡಲು ಒಂದು ಎಂದು ಎರಡು ಹೆಸರಿಡುವ ಪದ್ಧತಿ ಫ್ರೀಬಿಎಸ್‌ಡಿಯಲ್ಲಿ ಈಗಲೂ ಇದೆ. ಲಿನಕ್ಸ್ ಅದನ್ನು ಎಂದೋ ಕೈಬಿಟ್ಟಿತು.

ಮೋಡೆಮಿಗೂ ಪಾಠ ಹೇಳಬೇಕು. ಡೆನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಅವರ ಕಂಪನಿ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್ ಸೆಕೆಂಡಿಗೆ 300 ಬಿಟ್‌ನದು, ಆದರೆ ಅದರ ‘ಎಟಿ’ಯಿಂದ ಶುರುವಾಗುವ ಆದೇಶಗಳು ಮಿಕ್ಕ ಮೋಡೆಮುಗಳಿಗೆಲ್ಲ ಹಬ್ಬಿದವು. ಯೂನಿಕ್ಸಿಗೆ ಬೇಕಾದವು ನಾಲ್ಕೈದೇ. ಎಸ್0=1 ಎಂದರೆ ಮೊದಲ ರಿಂಗಿಗೇ ಎತ್ತು. &ಸಿ1 ಎಂದರೆ ಡಿಸಿಡಿಯಲ್ಲಿ ನಿಜ ಹೇಳು; ಎಷ್ಟೋ ಮೋಡೆಮುಗಳು ಕಾರ್ಖಾನೆಯಿಂದ ಬರುವಾಗಲೇ ‘ಯಾವಾಗಲೂ ಇದ್ದಾರೆ’ ಎಂದು ಸುಳ್ಳು ಹೇಳುವಂತೆ ಬರುತ್ತಿದ್ದವು. &ಡಿ2 ಎಂದರೆ ಕಂಪ್ಯೂಟರು ಡಿಟಿಆರ್ ಇಳಿಸಿದರೆ ಫೋನ್ ಇಡು. ಈ ಕಡೆ ಎಸ್‌ಟಿಟಿವೈನಲ್ಲಿ ಎಚ್‌ಯುಪಿಸಿಎಲ್ ಹಾಕಿದರೆ ಶೆಲ್ ಮುಗಿದಾಗ ಕಂಪ್ಯೂಟರು ಡಿಟಿಆರ್ ಇಳಿಸುತ್ತದೆ. ಹೀಗೆ ಯಾರು ಮೊದಲು ಎದ್ದರೂ ಇನ್ನೊಬ್ಬರಿಗೆ ಸುದ್ದಿ ಮುಟ್ಟುತ್ತದೆ. ಕೊನೆಗೆ &ಡಬ್ಲ್ಯು, ಇದನ್ನೆಲ್ಲ ನೆನಪಿಟ್ಟುಕೋ ಎಂದು. ಅದನ್ನು ಮರೆತರೆ ಕರೆಂಟು ಹೋಗಿ ಬಂದಾಗ ಮೋಡೆಮು ಮತ್ತೆ ಮೊದಲಿನಂತೆಯೇ.

ಇನ್ನೊಂದು ಆದೇಶ ಇ0, ಅಂದರೆ ನಾನು ಹೇಳಿದ್ದನ್ನು ನನಗೇ ತಿರುಗಿ ಹೇಳಬೇಡ. ಇದರ ಮಹತ್ವ ತಿಳಿಯಬೇಕಾದರೆ ಅದನ್ನು ಮರೆತ ಯಂತ್ರವನ್ನು ನೋಡಬೇಕು. ಕರೆಯೇ ಇಲ್ಲದಿದ್ದರೂ ಡಿಸಿಡಿ ಏರಿಯೇ ಇರುವ ಪೋರ್ಟಿನಲ್ಲಿ ಗೆಟ್ಟಿ ‘ಲಾಗಿನ್’ ಎನ್ನುತ್ತಾನೆ. ಮೋಡೆಮು ಅದನ್ನೇ ಗಿಳಿಯಂತೆ ತಿರುಗಿ ‘ಲಾಗಿನ್’ ಎನ್ನುತ್ತದೆ. ಓಹೋ, ಬಂದವನ ಹೆಸರೇ ಲಾಗಿನ್ ಎಂದುಕೊಂಡು ಯಂತ್ರ ‘ಪಾಸ್‌ವರ್ಡ್’ ಎನ್ನುತ್ತದೆ. ಮೋಡೆಮೂ ‘ಪಾಸ್‌ವರ್ಡ್’ ಎನ್ನುತ್ತದೆ. ತಪ್ಪು ಪಾಸ್‌ವರ್ಡ್ ಎನ್ನುತ್ತದೆ ಯಂತ್ರ, ಅದನ್ನೂ ಒಪ್ಪಿಸುತ್ತದೆ ಮೋಡೆಮು. ಜನವಿಲ್ಲದ ಕೋಣೆಯಲ್ಲಿ ಎರಡೂ ಬೆಳಗಿನವರೆಗೆ ಕಿತ್ತಾಡುತ್ತವೆ, ದಾಖಲೆಯ ಕಡತ ಉಬ್ಬಿ ಡಿಸ್ಕು ತುಂಬುತ್ತದೆ.

ವೇಗದ ಮಾತು ಬೇಗ ಮುಗಿಸುತ್ತೇನೆ. ಈ ತಂತಿಯ ಮೇಲೆ ಗಡಿಯಾರ ಇಲ್ಲ. ಪ್ರತಿ ಅಕ್ಷರಕ್ಕೆ ಮೊದಲು ಒಂದು ಸ್ಟಾರ್ಟ್ ಬಿಟ್, ಕೊನೆಗೆ ಒಂದು ಸ್ಟಾಪ್ ಬಿಟ್. ನಡುವಿನ ಎಂಟು ಬಿಟ್ಟುಗಳನ್ನು ಕೇಳುವವರು ತಮ್ಮ ಗಡಿಯಾರ ನೋಡಿ ಎಣಿಸಿಕೊಳ್ಳಬೇಕು. 9600 ವೇಗದಲ್ಲಿ ಒಂದು ಬಿಟ್‌ಗೆ ಸುಮಾರು 104 ಮೈಕ್ರೊಸೆಕೆಂಡ್. ಅಕ್ಷರಕ್ಕೆ ಹತ್ತು ಬಿಟ್ ಎಂದರೆ ಸೆಕೆಂಡಿಗೆ 960 ಅಕ್ಷರ. 80 ಅಕ್ಷರದ 24 ಸಾಲಿನ ಪರದೆ ತುಂಬಲು ಎರಡು ಸೆಕೆಂಡು. ಈಗ ನಗು ಬರಬಹುದು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಶುರು ಮಾಡಿದಾಗ ಅವರ ಎದುರಿಗಿದ್ದ ಟೆಲಿಟೈಪ್ 33 ಸೆಕೆಂಡಿಗೆ ಹತ್ತು ಅಕ್ಷರವನ್ನು ಕಾಗದದ ಸುರುಳಿಯ ಮೇಲೆ ಕುಟ್ಟುತ್ತಿತ್ತು. ಟಿಟಿವೈ ಎಂಬ ಹೆಸರು ಆ ಟೆಲಿಟೈಪಿನದು.

ಕಸ ಓದುವುದೂ ಒಂದು ವಿದ್ಯೆ. ಎಲ್ಲವೂ ಅರ್ಥವಿಲ್ಲದ ಗುರುತುಗಳಾದರೆ ವೇಗ ತಪ್ಪಿದೆ. ಅರ್ಧ ಅಕ್ಷರ ಸರಿ, ಅರ್ಧ ವಿಚಿತ್ರ ಎಂದಾದರೆ ವೇಗ ಸರಿ, ಪ್ಯಾರಿಟಿ ತಪ್ಪಿದೆ. ಒಬ್ಬರು ಏಳು ಬಿಟ್ಟಿನ ಲೆಕ್ಕದಲ್ಲಿ, ಇನ್ನೊಬ್ಬರು ಎಂಟರ ಲೆಕ್ಕದಲ್ಲಿ ಇದ್ದಾರೆ. ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಇಳಿಯುತ್ತ ಹೋದರೆ ತಂತಿಯದೇನೂ ತಪ್ಪಿಲ್ಲ, ‘ಎಸ್‌ಟಿಟಿವೈ ಸೇನ್’ ಎಂದು ಟೈಪ್ ಮಾಡಿ. ಬುದ್ಧಿ ಸ್ಥಿಮಿತಕ್ಕೆ ಬರಲಿ ಎಂಬ ಅರ್ಥದ ಆದೇಶ ಅದು. ಎಂಟರ್ ಕೆಲಸ ಮಾಡದಿದ್ದರೆ ಕಂಟ್ರೋಲ್-ಜೆ ಒತ್ತಿ.

ಶುರುವಾದ ಮೇಲೆ ನಡುವೆ ಅಕ್ಷರ ಕಳೆದುಹೋದರೆ ಫ್ಲೋ ಕಂಟ್ರೋಲ್ ಕಡೆ ನೋಡಬೇಕು. ಸಾಕು ನಿಲ್ಲಿಸು, ಮತ್ತೆ ಕಳಿಸು ಎಂದು ಹೇಳಲು ಎರಡು ದಾರಿ. ಒಂದು, ಅದಕ್ಕೆಂದೇ ಇರುವ ಎರಡು ತಂತಿಗಳು. ಇನ್ನೊಂದು, ಮಾತಿನ ನಡುವೆಯೇ ಕಳಿಸುವ ಕಂಟ್ರೋಲ್-ಎಸ್, ಕಂಟ್ರೋಲ್-ಕ್ಯೂ. ಮೋಡೆಮಿಗೆ ಮೊದಲನೆಯದೇ ಸರಿ, ಏಕೆಂದರೆ ಕಳಿಸುವ ಕಡತದಲ್ಲೇ ಈ ಕೀಲಿಗಳ ಅಕ್ಷರಸಂಖ್ಯೆಗಳಾದ 19 ಮತ್ತು 17 ಬಂದರೆ ಯಂತ್ರ ಅವನ್ನು ಇದೇ ಆಜ್ಞೆಗಳೆಂದು ಭ್ರಮಿಸಿ ನುಂಗಿಬಿಡುತ್ತದೆ. ಟರ್ಮಿನಲ್ಲಿನ ಮೂರು ತಂತಿಗೆ ಎರಡನೆಯದೇ ಗತಿ. “ಸಾರ್, ಟರ್ಮಿನಲ್ ಹ್ಯಾಂಗ್ ಆಗಿದೆ” ಎಂದು ಬಂದ ಕರೆಗಳಲ್ಲಿ ಎಷ್ಟೋ, ಯಾರೋ ಕೈತಪ್ಪಿ ಕಂಟ್ರೋಲ್-ಎಸ್ ಒತ್ತಿದ್ದರಿಂದ ಬಂದವು. ಇವತ್ತಿನ ಲಿನಕ್ಸ್ ಲ್ಯಾಪ್‌ಟಾಪಿನ ಟರ್ಮಿನಲ್ ಕಿಟಕಿಯಲ್ಲಿ ಒತ್ತಿ ನೋಡಿ, ಅದೂ ಮರಗಟ್ಟುತ್ತದೆ. ಕಂಟ್ರೋಲ್-ಕ್ಯೂ ಒತ್ತಿದರೆ ಜೀವ ಬರುತ್ತದೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಶೆಲ್ ಅಕೌಂಟ್ ಪಡೆದವರಿಗೆ ನಾನು ಹೇಳುತ್ತಿರುವ ಲಾಗಿನ್ ಪರದೆ ನೆನಪಿರುತ್ತದೆ. ಆಮೇಲೆ ಬ್ರಾಡ್‌ಬ್ಯಾಂಡ್ ಬಂತು, ಮೋಡೆಮಿನ ಕಿರುಚಾಟ ನಿಂತಿತು, ಲ್ಯಾಪ್‌ಟಾಪುಗಳಿಂದ ಒಂಬತ್ತು ಪಿನ್ನಿನ ಪೋರ್ಟೂ ಮಾಯವಾಯಿತು. ಸೀರಿಯಲ್ ತಂತಿ ಮಾತ್ರ ಹೋಗಲಿಲ್ಲ. ಹಳ್ಳಿಯ ಹಾಲಿನ ಡೇರಿಯಲ್ಲಿ ತೂಕದ ಯಂತ್ರ ಮತ್ತು ಕೊಬ್ಬು ಅಳೆಯುವ ಯಂತ್ರ ಕಂಪ್ಯೂಟರಿಗೆ ಅಂಕಿ ಕಳಿಸುವುದು ಈ ತಂತಿಯಲ್ಲೇ. ಮೊಬೈಲ್ ಇಂಟರ್‌ನೆಟ್ಟಿನ ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಲಿನಕ್ಸಿನಲ್ಲಿ ಟಿಟಿವೈಯುಎಸ್‌ಬಿ0 ಎಂದು ಕಾಣುವುದೂ ಇದೇ. ಅದರೊಡನೆ ಮಾತಾಡಲು ಇಂದಿಗೂ ಎಟಿ ಆದೇಶಗಳೇ. ಹೊಸಬರಿಗೆ ಎರಡು ಮಾತು: ‘ಪರ್ಮಿಷನ್ ಡಿನೈಡ್’ ಎಂದು ಬಂದರೆ ರೂಟ್ ಆಗಲು ಹೋಗಬೇಡಿ; ಉಬುಂಟುವಿನಲ್ಲಾದರೆ ನಿಮ್ಮ ಹೆಸರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಬನ್ನಿ. ರಾಸ್‌ಬೆರಿ ಪೈ ಬೋರ್ಡಿನ ಸೀರಿಯಲ್ ಪಿನ್ನುಗಳು 3.3 ವೋಲ್ಟಿನವು, ಹಳೆಯ ಆರ್‌ಎಸ್-232 ತಂತಿ ಹದಿನೈದು ವೋಲ್ಟಿನವರೆಗೂ ಹೋಗಬಹುದು. ನೇರ ಜೋಡಿಸಿದರೆ ಬೋರ್ಡು ಸುಡುತ್ತದೆ.

ದೊಡ್ಡ ಸರ್ವರುಗಳ, ರೂಟರುಗಳ ಹಿಂಭಾಗದಲ್ಲಿ ‘ಕನ್ಸೋಲ್’ ಎಂಬ ಪೋರ್ಟು ಇನ್ನೂ ಇದೆ. ನೆಟ್‌ವರ್ಕ್ ಪೂರ್ತಿ ಕೆಟ್ಟಾಗ ಒಳಹೋಗಲು ಉಳಿಯುವ ಹಿತ್ತಿಲ ಬಾಗಿಲು ಅದೇ. ಲಿನಕ್ಸ್ ಬೂಟ್ ಆಗುವಾಗ ಕನ್ಸೋಲ್ ಇಂಥ ಸೀರಿಯಲ್ ಪೋರ್ಟು, ವೇಗ 115200 ಎಂದು ಹೇಳಿದರೆ ಸಾಕು, ಈಗಿನ ಇನಿಟ್ ಆದ ಸಿಸ್ಟಮ್‌ಡಿ ಅಲ್ಲಿ ತಾನಾಗಿ ಗೆಟ್ಟಿಯನ್ನು ಕೂರಿಸುತ್ತದೆ. ಆದರೆ ಕನ್ಸೋಲ್ ಎಂದು ಹೇಳಿದ ಪೋರ್ಟನ್ನು ಲಿನಕ್ಸ್ ಕೇಳದೆಯೇ ಸಿಲೋಕಲ್ ಎಂದು ಎಣಿಸುತ್ತದೆ. ಅದು ಸರಿಯಾದದ್ದೇ, ಇಲ್ಲದಿದ್ದರೆ ಮೂರು ತಂತಿಯ ಕೇಬಲ್ ಹಿಡಿದು ಬಂದ ಎಂಜಿನಿಯರಿಗೆ ಖಾಲಿ ಪರದೆ ಕಾಣುತ್ತಿತ್ತು. ಅದರ ಬೆಲೆ ಏನೆಂದರೆ, ಆತ ಕೇಬಲ್ ಕಿತ್ತುಕೊಂಡು ಮನೆಗೆ ಹೋದದ್ದು ಸರ್ವರಿಗೆ ಗೊತ್ತಾಗುವುದಿಲ್ಲ.

ಕಳೆದ ವರ್ಷ ಒಂದು ಸರ್ವರ್ ಕೋಣೆಗೆ ಹೋಗಬೇಕಾಗಿ ಬಂತು. ಯುಎಸ್‌ಬಿ ಕೇಬಲ್ ಚುಚ್ಚಿ ಎಂಟರ್ ಒತ್ತಿದೆ. #. ಹಿಂದೆ ಬಂದವರು ಎಷ್ಟು ದಿನದ ಹಿಂದೆ ಹೋಗಿದ್ದರೋ, ಅವರ ಕೆಲಸ ಹಾಗೇ ತೆರೆದಿತ್ತು. ಈ ಸಲ ಗಾಬರಿಯಾಗಲಿಲ್ಲ, ಕೇಬಲ್ ಬಿಚ್ಚಿಯೂ ನೋಡಲಿಲ್ಲ.

ಸರ್ವರ್ ನಿಮ್ಮದಾದರೆ ಬ್ಯಾಷ್ ಶೆಲ್‌ನಲ್ಲಿ ಟಿಎಂಔಟ್ ಎಂಬುದಕ್ಕೆ 300 ಎಂದು ಬೆಲೆ ಕೊಡಿ. ಐದು ನಿಮಿಷ ಏನೂ ಟೈಪ್ ಮಾಡದಿದ್ದರೆ ಶೆಲ್ ತಾನೇ ಮುಗಿಯುತ್ತದೆ. ಸಿಸ್ಕೊ ರೂಟರುಗಳಲ್ಲಿ ಹೇಳದಿದ್ದರೂ ಹತ್ತು ನಿಮಿಷದ ಗಡುವು ಇರುತ್ತದೆ, ಅದನ್ನು ತೆಗೆಯಬೇಡಿ. ಬೇರೆಯವರ ಸರ್ವರಾದರೆ, ಕೇಬಲ್ ಕೀಳುವ ಮೊದಲು ‘ಎಕ್ಸಿಟ್’ ಎಂದು ಟೈಪ್ ಮಾಡಿ, ‘ಲಾಗಿನ್’ ಎಂದು ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಕೀಳಿ.